ಕಚೇರಿಯ ಕಂಪ್ಯೂಟರಿಗೂ ಅಂಗಳದ ಎರೆಮಣ್ಣಿಗೂ ಏನು ಸಂಬಂಧ?

ಸವದತ್ತಿ, ರಾಮದುರ್ಗದ ಕಡೆ ಬೇಸಿಗೆಯಲ್ಲಿ ಕಚೇರಿಯ ಮಂದಿ ಹೇಳುವ ಮಾತೊಂದಿದೆ: "ಸಿಪಿಯು ಮುಟ್ಟಿದ್ರ ಕೈ ಜುಮ್ ಅಂತೈತ್ರಿ." ಡಬ್ಬಿಯ ಹಿಂದಿನ ಬಣ್ಣವಿಲ್ಲದ ತಗಡಿಗೆ ಟೆಸ್ಟರ್ ಇಟ್ಟರೆ ಒಳಗಿನ ಪುಟ್ಟ ದೀಪ ಮಂಕಾಗಿ ಹತ್ತುತ್ತದೆ. ಕಂಪ್ಯೂಟರ್ ಮಾತ್ರ ಎಂದಿನಂತೆ ನಡೆಯುತ್ತಿರುತ್ತದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಲೆ ಕೆಡಿಸಿಕೊಳ್ಳಲೇಬೇಕಾದ ಸಂಗತಿ ಅದು.

ಕಂಪ್ಯೂಟರಿಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯೊಳಗೆ, ತಂತಿಯಲ್ಲಿನ ಗದ್ದಲವನ್ನು ಸೋಸಲೆಂದು ಎರಡು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ ತಗಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ತಗಡಿಗೆ. ಪ್ಲಗ್ಗಿನ ಮೂರನೆಯ ದಪ್ಪ ಪಿನ್ ತಗಡನ್ನು ನೆಲಕ್ಕೆ ಜೋಡಿಸಿದ್ದರೆ, ಅವುಗಳ ಮೂಲಕ ಸೋರುವ ಅತ್ಯಲ್ಪ ವಿದ್ಯುತ್ ಸದ್ದಿಲ್ಲದೆ ಭೂಮಿ ಸೇರುತ್ತದೆ. ಆ ಜೋಡಣೆ ತಪ್ಪಿದರೆ ತಗಡು ಎರಡು ಕೆಪಾಸಿಟರ್‌ಗಳ ನಡುವೆ ತೂಗಾಡಿ, 230 ವೋಲ್ಟಿನ ಅರ್ಧ, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಹರಿಯುವ ವಿದ್ಯುತ್ ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಅದಕ್ಕೇ ಬರೀ ಜುಮ್ಮೆನ್ನುತ್ತದೆ. ಆದರೆ ನಾಳೆ ಒಳಗಿನ ತಂತಿಯೊಂದು ಸಡಿಲಾಗಿ ತಗಡಿಗೆ ತಾಗಿದರೆ, ಆ ವಿದ್ಯುತ್ತಿಗೆ ನೆಲ ಸೇರುವ ದಾರಿ ಮುಟ್ಟಿದವರ ಮೈಯೇ.

ಜೋಡಣೆ ತಪ್ಪುವುದೆಲ್ಲಿ? ಕೆಲವೆಡೆ ಸಾಕೆಟ್ಟಿನಲ್ಲೇ. ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಮೂರನೆಯ ಪಿನ್ನನ್ನು ಬರಿದೇ ಬಿಟ್ಟಿರುತ್ತಾರೆ. ಆದರೆ ಈ ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ಅಂಗಳದ ಅರ್ಥಿಂಗ್ ಗುಂಡಿ. ಕನಿಷ್ಠ ಎರಡೂವರೆ ಮೀಟರ್ ಉದ್ದದ ಕಬ್ಬಿಣದ ಪೈಪ್ ಹುಗಿದು, ಸುತ್ತ ಇದ್ದಿಲು, ಉಪ್ಪು ತುಂಬಿರುತ್ತಾರೆ. ಪೈಪಿನಿಂದ ಮಣ್ಣಿಗೆ ವಿದ್ಯುತ್ ಇಳಿಯಬೇಕಾದರೆ ಮಣ್ಣು ಪೈಪಿಗೆ ಅಂಟಿಕೊಂಡಿರಬೇಕು, ಜೊತೆಗೆ ತೇವವೂ ಇರಬೇಕು. ಮಣ್ಣಿನಲ್ಲಿ ವಿದ್ಯುತ್ ಹೊರುವುದು ನೀರಿನಲ್ಲಿ ಕರಗಿದ ಲವಣದ ಅಯಾನುಗಳು.

ಈ ಸೀಮೆಯ ಎರೆಮಣ್ಣಿನ ಗುಣವೇ ಬೇರೆ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಬಗೆಯ ಜೇಡಿ ಹೇರಳ. ಈ ಜೇಡಿಯ ಕಣಗಳು ತೆಳುವಾದ ಪದರಗಳು. ಪದರಗಳ ನಡುವೆ ನೀರು ನುಗ್ಗಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಮಳೆಗಾಲದಲ್ಲಿ ಅರ್ಥಿಂಗಿಗೆ ಇದಕ್ಕಿಂತ ಒಳ್ಳೆಯ ಮಣ್ಣು ಸಿಗುವುದು ಕಷ್ಟ. ಚೈತ್ರ, ವೈಶಾಖದಲ್ಲಿ ಎರಿ ಹೊಲ ಬಾಯಿ ಬಿಡುವಾಗ ಗುಂಡಿಯ ಮಣ್ಣೂ ಪೈಪನ್ನು ಬಿಟ್ಟು ಸರಿಯುತ್ತದೆ. ನಡುವೆ ಗಾಳಿ ತುಂಬುತ್ತದೆ. ಪೈಪು ಅಲ್ಲೇ ಇದೆ, ತಂತಿಯೂ ಇದೆ, ಅರ್ಥಿಂಗ್ ಮಾತ್ರ ಇಲ್ಲ. ಇನ್ನೊಂದು ಸೋಜಿಗವಿದೆ. 'ಕೆಮಿಕಲ್ ಅರ್ಥಿಂಗ್' ಎಂದು ಚೀಲದಲ್ಲಿ ತುಂಬಿ ಮಾರುವ ಪುಡಿಯಲ್ಲಿ ಸಾಮಾನ್ಯವಾಗಿರುವ ಬೆಂಟೊನೈಟ್‌ನ ಮುಖ್ಯ ಖನಿಜವೂ ಇದೇ ಮಾಂಟ್‌ಮೊರಿಲೊನೈಟ್. ನೀರು ಹಿಡಿದಿಡುವ ಗುಣಕ್ಕಾಗಿ ದುಡ್ಡು ಕೊಟ್ಟು ತರುವ ಈ ಖನಿಜ ನಮ್ಮ ಹೊಲಗಳಲ್ಲೇ ಇದೆ. ಅದಕ್ಕೆ ಬೇಕಾದದ್ದು ನೀರು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಗುಂಡಿಗೆ ಒಂದೆರಡು ಕೊಡ ನೀರು ಹಾಕುವ ಜವಾನರ ಹಳೆಯ ರೂಢಿಯ ಹಿಂದೆ ಅಚ್ಚುಕಟ್ಟಾದ ರಸಾಯನಶಾಸ್ತ್ರವಿದೆ. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನಲ್ಲಿ ಮಳೆ ಹೆಚ್ಚು, ಕೆಮ್ಮಣ್ಣೂ ಉಂಟು. ಅಲ್ಲಿ ಮಣ್ಣು ಇಷ್ಟು ಬಿರಿಯುವುದಿಲ್ಲ. ಸವದತ್ತಿ ಗುಡ್ಡದ ಕಲ್ಲುನೆಲದಲ್ಲಾದರೆ ತೇವ ನಿಲ್ಲುವುದೇ ಕಷ್ಟ.

ಹೊತ್ತು ನೋಡಿ ಹೊಡೆಯುವುದು ಸಿಡಿಲು. ನೆಲ ತೀರಾ ಒಣಗಿದ ಹೊತ್ತಿನಲ್ಲೇ, ಅಶ್ವಿನಿ, ಭರಣಿ ಮಳೆಯ ಗುಡುಗು ಮಿಂಚು ಶುರುವಾಗುತ್ತದೆ. ಸಿಡಿಲು ದೂರದಲ್ಲಿ ಬಿದ್ದರೂ ತಂತಿಗಳಲ್ಲಿ ಕ್ಷಣಮಾತ್ರದ ಭಾರೀ ಒತ್ತಡ ಎಬ್ಬಿಸಬಲ್ಲದು. ಸ್ಪೈಕ್ ಗಾರ್ಡ್ ಅದರಲ್ಲೊಂದು ಪಾಲನ್ನು ಅರ್ಥ್ ತಂತಿಗೆ ತಿರುಗಿಸಬೇಕು. ಅರ್ಥ್ ಇಲ್ಲದಿದ್ದರೆ ಆ ಪಾಲಿಗೆ ಹೋಗಲು ಜಾಗವಿಲ್ಲ. ಮದರ್‌ಬೋರ್ಡು, ನೆಟ್‌ವರ್ಕ್ ಪೋರ್ಟು, ಮೋಡೆಮ್ ಒಟ್ಟಿಗೇ ಹೋಗಬಹುದು. ರಿಪೇರಿಯವರು ಬೋರ್ಡ್ ಬದಲಿಸಿ ಹೋಗುತ್ತಾರೆ, ಗುಂಡಿಯತ್ತ ಯಾರೂ ಸುಳಿಯುವುದಿಲ್ಲ.

ಕರ್ನಾಟಕದಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿ ನಿಂತು ಎರಡು ದಶಕ ದಾಟಿತು. ಅಂದು ಅದು ಮುಟ್ಟಿದ್ದು 177 ತಾಲ್ಲೂಕುಗಳನ್ನು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಅದರಲ್ಲಿದ್ದವು, ಕಿತ್ತೂರು ಆಗಿನ್ನೂ ಬೈಲಹೊಂಗಲ ತಾಲ್ಲೂಕಿನಲ್ಲಿತ್ತು. ಅಂದಿನಿಂದ ಒಂದು ಪ್ರಿಂಟರ್ ನಿಂತರೆ ಬೆಳೆಸಾಲಕ್ಕೆ ಪಹಣಿ ಬೇಕಾದವರೂ ನಿಲ್ಲುತ್ತಾರೆ. "ನಾಳಿ ಬರ್ರಿ" ಅನ್ನಿಸಿಕೊಂಡವರಿಗೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಅರ್ಥಿಂಗ್ ಗುಂಡಿಯ ಬಗ್ಗೆ ಇಷ್ಟುದ್ದ ಬರೆಯಲು ನನಗಿರುವ ಕಾರಣ ಇದೇ.

ಯಂತ್ರ ನಿಲ್ಲಲು ಅರ್ಥಿಂಗ್ ಒಂದೇ ಕಾರಣವಲ್ಲ, ದೂಳು, ಸೆಕೆಯೂ ಇವೆ. ಬೈಲಹೊಂಗಲದ್ದು ಹತ್ತಿ ಪೇಟೆ. ಹತ್ತಿಯ ಎಳೆ, ಎರೆದೂಳು ಎರಡೂ ಕೂಡಿದರೆ ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳಿಗೆ ಕೌದಿ ಹೊದಿಸಿದ ಹಾಗೆ. ಬಿಸಿ ಏರಿದಾಗ ಪ್ರೊಸೆಸರ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ, ಇನ್ನೂ ಏರಿದರೆ ಯಂತ್ರ ಆರಿಹೋಗುತ್ತದೆ. "ಮಧ್ಯಾಹ್ನ ಆದ್ರ ಸ್ಲೋ ಆಗ್ತೈತಿ" ಎಂಬ ದೂರಿಗೆ ವೈರಸ್ ಹುಡುಕುವ ಮೊದಲು ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಮೆತ್ತನೆಯ ಬ್ರಷ್ ಹಿಡಿಯುವುದು ಮೇಲು. ಯುಪಿಎಸ್ ಬ್ಯಾಟರಿಗೂ ಸೆಕೆಯೇ ಶತ್ರು: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬಿಸಿಲು ಬೀಳುವ ಕಿಟಕಿಯ ಕೆಳಗಿಂದ ಅದನ್ನು ಎತ್ತಿಡಲು ಖರ್ಚೇನೂ ಇಲ್ಲ.

ನೀರಿನ ಮಾತು ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿತ್ತು. ನೆರೆನೀರಿನಲ್ಲಿ ನೆಂದ ಯಂತ್ರವನ್ನು ನಡೆಯುತ್ತದೋ ಇಲ್ಲವೋ ಎಂದು ಹಚ್ಚಿ ನೋಡುವುದೇ ಅದನ್ನು ಕೊಲ್ಲುತ್ತದೆ. ಲವಣ ಕರಗಿದ ನೀರಿನಲ್ಲಿ ವಿದ್ಯುತ್ ಹರಿದೊಡನೆ ಬೋರ್ಡಿನ ತಾಮ್ರದ ಗೆರೆಗಳು ಕರಗತೊಡಗುತ್ತವೆ. ಮೊದಲು ಪ್ಲಗ್ ಕೀಳಬೇಕು, ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿಯನ್ನೂ ತೆಗೆಯಬೇಕು. ಹಾರ್ಡ್ ಡಿಸ್ಕನ್ನು ಹಚ್ಚದೆ ಹಾಗೆಯೇ ತಿಳಿದವರ ಕೈಗೆ ಕೊಟ್ಟರೆ ಒಳಗಿನ ದಾಖಲೆಗಳು ಉಳಿಯುವ ಸಾಧ್ಯತೆ ಹೆಚ್ಚು.

ಮತ್ತೆ ಗುಂಡಿಯ ಮಾತಿಗೆ ಬಂದರೆ, ಅರ್ಥಿಂಗ್ ಪರೀಕ್ಷೆ ಎಲೆಕ್ಟ್ರಿಷಿಯನ್‌ಗೆ ಐದು ನಿಮಿಷದ ಕೆಲಸ. ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಇಟ್ಟರೆ ಫೇಸ್‌ನಿಂದ ಅರ್ಥ್‌ಗೆ ಹೆಚ್ಚುಕಡಿಮೆ ಫೇಸ್‌ನಿಂದ ನ್ಯೂಟ್ರಲ್‌ನಷ್ಟೇ ವೋಲ್ಟ್ ತೋರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಗುಂಡಿಯದೇ ರೋಧ ಅಳೆಯಲು ಅರ್ಥ್ ಟೆಸ್ಟರ್ ಎಂಬ ಬೇರೆ ಉಪಕರಣವಿದೆ. ಶ್ರಾವಣದಲ್ಲಿ ಅಳೆದು ಸರಿಯಿದೆ ಎಂದು ಬರೆದಿಟ್ಟ ಗುಂಡಿ ವೈಶಾಖದಲ್ಲಿ ಕೈಕೊಡಬಹುದು, ಆದ್ದರಿಂದ ಅಳತೆ ಆಗಬೇಕಾದದ್ದು ಏಪ್ರಿಲ್‌ನಲ್ಲಿ, ಮೊದಲ ಗುಡುಗಿಗೂ ಮುಂಚೆ. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಕಂಪ್ಯೂಟರ್, ಪ್ರಿಂಟರ್, ಯುಪಿಎಸ್ ಎಂದು ಬರೆಯುವವರು ಅದೇ ಸಾಲಿನಲ್ಲಿ ಅರ್ಥಿಂಗ್ ಗುಂಡಿಯನ್ನೂ, ಏಪ್ರಿಲ್ ತಿಂಗಳನ್ನೂ ಸೇರಿಸಲಿ.