ಬಣ್ಣಕ್ಕೂ ಮುಂಚೆ ಸೋರಿಕೆ ನೋಡಿ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಬಸವಕಲ್ಯಾಣದಿಂದ ಹೊರಡುವ ಮುಂಚೆ ಹಳೇ ಕಾರಿನ ಬಾನೆಟ್ ಒಳಗೆಲ್ಲ ಬಣ್ಣ ಹೊಡೆಸಬೇಕೆಂದು ನಮ್ಮವರ ಹಟ. ‘ಮೊದ್ಲು ಈ ಕಲೆ ಎಲ್ಲಿಂದ ಬಂತು ನೋಡ್ರಿ’ ಅಂದೆ. ಅಂಗಳದ ಶಹಾಬಾದ್ ಕಲ್ಲಿನ ಮೇಲೆ ದಿನಾ ಜಿಡ್ಡು. ತಿಕ್ಕುವವಳು ನಾನೇ ತಾನೆ!

ರಾತ್ರಿ ಕಾರಿನ ಕೆಳಗೆ ಬಿಳಿ ರಟ್ಟು ಹಾಸಿಡಿ. ಬೆಳಿಗ್ಗೆ ಕಪ್ಪು, ಕಂದು ಜಿಡ್ಡು ಕಂಡರೆ ಎಂಜಿನ್ ಆಯಿಲ್. ಹಸಿರು ಇಲ್ಲವೇ ಗುಲಾಬಿ ನೀರಾದರೆ ಕೂಲಂಟ್. ಸಿಹಿ ವಾಸನೆ ಬಂದರೂ ಅದು ವಿಷ, ಮಕ್ಕಳನ್ನು ದೂರವಿಡಿ. ಎಸಿಯಿಂದ ತೊಟ್ಟಿಕ್ಕುವ ಬರೀ ನೀರಿಗೆ ಗಾಬರಿ ಬೇಡ. ತಿಳಿ ಹಳದಿ ಜಿಡ್ಡಾದರೆ ಬ್ರೇಕ್ ಆಯಿಲ್ ಇರಬಹುದು. ಆಗ ಗಾಡಿ ತೆಗೆಯಲೇಬೇಡಿ, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಈ ಆಯಿಲ್ ಬಿದ್ದಲ್ಲಿ ಬಣ್ಣವೂ ಉಬ್ಬಿ ಏಳುತ್ತದೆ. ನಮ್ಮ ಕಾರಿನಲ್ಲಿ ಆಗಿದ್ದೂ ಅದೇ!

ಸೋರಿಕೆ ನಿಂತ ಮೇಲೆಯೇ ಬಣ್ಣ. ಎಂಜಿನ್ ಪೂರಾ ಆರಿರಬೇಕು, ಬ್ಯಾಟರಿ ವೈರ್ ಬಿಚ್ಚಿರಬೇಕು. ಜಿಡ್ಡು ಚೂರು ಉಳಿದರೂ ಬಣ್ಣ ಹಿಡಿಯದು. ರಬ್ಬರ್ ಪೈಪು, ಬೆಲ್ಟು, ವೈರುಗಳಿಗೆ ಕಾಗದ ಸುತ್ತಿಸಿ. ಎಂಜಿನ್‌ಗೆ ಮಾತ್ರ ಬಿಸಿ ತಡೆಯುವ ಬಣ್ಣವೇ ಆಗಬೇಕು. ಗೇಟಿಗೆ ಹೊಡೆದು ಉಳಿದ ಡಬ್ಬಿ ತೆಗೆಯಬೇಡಿ.

ಜಾತ್ರೆಗೆ? ಬಸ್ಸಿಗೇ ಹೋಗಿಬಂದೆವು.