ಸಿರ್ತಾದ ಮಹಜರು

ಕ್ರಿ.ಶ. 303ರ ಮೇ 19. ಉತ್ತರ ಆಫ್ರಿಕದ ನುಮಿಡಿಯಾ ಸೀಮೆಯ ಸಿರ್ತಾ. ಆಳವಾದ ಕಮರಿಯೊಂದು ಬಳಸಿಕೊಂಡು ಹೋಗುವ ಹೆಬ್ಬಂಡೆಯ ನೆತ್ತಿಯ ಮೇಲಿನ ಊರು ಅದು. ಈಗಿನ ಅಲ್ಜೀರಿಯಾದ ಕಾನ್‌ಸ್ಟಂಟೀನ್. ಅಲ್ಲಿ ಕ್ರೈಸ್ತರು ಸೇರುವ ಮನೆಯ ಬಾಗಿಲಿಗೆ ನಗರಾಡಳಿತದ ತಂಡ ಬಂದು ನಿಂತಿದೆ. ಮುಂದೆ ಮುನಾಟಿಯಸ್ ಫೆಲಿಕ್ಸ್. ಊರಿನ ಆಡಳಿತಾಧಿಕಾರಿ, ಜೊತೆಗೆ ಚಕ್ರವರ್ತಿ ಪೂಜೆಯ ಆಜೀವ ಅರ್ಚಕ. ಹಿಂದೆ ಗುಮಾಸ್ತರು, ನಗರಸಭೆಯ ಗುಲಾಮ, ಆಡಿದ ಮಾತನ್ನೆಲ್ಲ ದಾಖಲಿಸುವ ಬರಹಗಾರರು. ಒಳಗೆ ಬಿಷಪ್ ಪೌಲಸ್. ಪಾದ್ರಿಗಳು ಕುಳಿತಿದ್ದಾರೆ, ಡೀಕನ್‌ಗಳು ನಿಂತಿದ್ದಾರೆ, ಉಪಡೀಕನ್‌ಗಳು ಸಾಮಾನು ತಂದಿಡಲು ತಯಾರಾಗಿದ್ದಾರೆ. ಗೋರಿ ತೋಡುವವರೂ ಇದ್ದಾರೆ. ಅವರ ಹೆಸರುಗಳನ್ನೂ ಬರಹಗಾರ ಬಿಡದೆ ಬರೆದುಕೊಂಡಿದ್ದಾನೆ. ಒಬ್ಬನ ಹೆಸರು ಮಿಗ್ಗಿನ್. ರೋಮಿನ ಹೆಸರಲ್ಲ, ಅದೇ ಮಣ್ಣಿನ ಹೆಸರು.

ಇದಕ್ಕೆಲ್ಲ ಮೂಲ ಸಮುದ್ರದಾಚೆಯ ನಿಕೋಮೀಡಿಯಾ. ಆ ವರ್ಷದ ಫೆಬ್ರವರಿ 23ರಂದು ಚಕ್ರವರ್ತಿ ಡಯೋಕ್ಲೀಶಿಯನ್‌ನ ಸೈನಿಕರು ಅರಮನೆಯಿಂದ ಕಾಣುವಷ್ಟು ಹತ್ತಿರದಲ್ಲಿದ್ದ ಚರ್ಚನ್ನು ಕೆಲವೇ ಗಂಟೆಗಳಲ್ಲಿ ನೆಲಸಮ ಮಾಡಿದ್ದರು. ಮರುದಿನ ಆಜ್ಞೆ ಹೊರಬಿತ್ತು. ಚರ್ಚುಗಳನ್ನು ಕೆಡವಬೇಕು, ಧರ್ಮಗ್ರಂಥಗಳನ್ನು ಸುಡಬೇಕು, ಪದವಿಯಲ್ಲಿರುವ ಕ್ರೈಸ್ತರನ್ನು ಕೆಳಗಿಳಿಸಬೇಕು. ಗೋಡೆಗೆ ಅಂಟಿಸಿದ ಆಜ್ಞೆಯನ್ನು ಕಿತ್ತು ಹರಿದವನೊಬ್ಬನನ್ನು ಅಲ್ಲಿಯೇ ಸುಟ್ಟರು. ಆ ಕಾಗದ ಕಡಲು ದಾಟಿ ಸಿರ್ತಾದ ಬೆಟ್ಟ ಹತ್ತುವಷ್ಟರಲ್ಲಿ ಅದರ ಕಾವು ಅರ್ಧ ಇಳಿದುಹೋಗಿತ್ತೆಂದು ಕಾಣುತ್ತದೆ. ಫೆಲಿಕ್ಸ್ ಕೂಗಾಡುವುದಿಲ್ಲ. ಕತ್ತಿ ಹಿರಿಯುವುದಿಲ್ಲ. ಶಾಸ್ತ್ರಗ್ರಂಥಗಳನ್ನೂ ಇಲ್ಲಿರುವ ಉಳಿದದ್ದನ್ನೂ ತಂದುಕೊಡಿ, ಆಜ್ಞೆಯಾಗಿದೆ ಎನ್ನುತ್ತಾನೆ. ಕಚೇರಿಯ ದನಿ.

ಗ್ರಂಥಗಳು ಸಭೆಯಲ್ಲಿ ಅವನ್ನು ಓದಿ ಹೇಳುವ ಓದುಗರ ಹತ್ತಿರ ಇವೆ ಎಂದು ಬಿಷಪ್ ಉತ್ತರ ಕೊಡುತ್ತಾನೆ. ಹಾಗಾದರೆ ಓದುಗರನ್ನು ತೋರಿಸು ಎಂದರೆ, ಅವರು ನಿಮಗೆಲ್ಲ ಗೊತ್ತಿರುವವರೇ ಎನ್ನುತ್ತಾನೆ. ನಮಗೆ ಗೊತ್ತಿಲ್ಲ ಎಂದು ಫೆಲಿಕ್ಸ್. ನಿಮ್ಮ ಕಚೇರಿಗೆ ಗೊತ್ತಿದೆ, ಗುಮಾಸ್ತರಾದ ಎಡೂಸಿಯಸ್ ಮತ್ತು ಜೂನಿಯಸ್‌ಗೆ ಗೊತ್ತಿದೆ ಎಂದು ಪೌಲಸ್.

ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತ ಧರ್ಮ ಬೆಳೆದ ಬಗೆಯನ್ನು ತಿಳಿಯಲು ನಾನು ಮತ್ತೆ ಮತ್ತೆ ತಿರುಗಿ ನೋಡುವುದು ಈ ನಾಲ್ಕು ಮಾತನ್ನೇ. ಸಿಂಹದ ಬಾಯಿಗೆ ಬಿದ್ದ ಭಕ್ತರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆಗಸದಲ್ಲಿ ಶಿಲುಬೆ ಕಂಡ ಚಕ್ರವರ್ತಿಯದನ್ನೂ ಕೇಳಿದ್ದೇವೆ. ಆದರೆ ಜೂಲಿಯಸ್ ಸೀಸರನ ಕಾಲದಿಂದ ರೋಮಿಗೆ ನಡೆದುಕೊಂಡ ಊರೊಂದರ ಸರ್ಕಾರಿ ಗುಮಾಸ್ತರಿಗೆ ಯಾವ ಮನೆಯಲ್ಲಿ ಯಾವ ಕ್ರೈಸ್ತ ಓದುಗನಿದ್ದಾನೆ ಎಂಬುದು ಬಾಯಿಪಾಠವಾಗಿತ್ತು ಎನ್ನುವುದರಲ್ಲಿ ಆ ಎರಡು ಕಥೆಗಳಿಗಿಂತ ದೊಡ್ಡ ಸುದ್ದಿಯಿದೆ. ನಿಷೇಧದ ಆಜ್ಞೆ ಬಂದಾಗ ನಿಷೇಧಿತರು ನೆರೆಮನೆಯವರಾಗಿಬಿಟ್ಟಿದ್ದರು.

ಓದುಗರ ವಿಷಯ ಹಾಗಿರಲಿ, ಇಲ್ಲಿರುವುದನ್ನು ಕೊಡಿ ಎಂದು ಫೆಲಿಕ್ಸ್ ಹೇಳುತ್ತಾನೆ. ಉಪಡೀಕನ್‌ಗಳು ಒಳಗಿಂದ ಒಂದೊಂದೇ ಹೊತ್ತು ತರುತ್ತಾರೆ, ಬರಹಗಾರ ಬರೆಯುತ್ತಾನೆ. ಚಿನ್ನದ ಬಟ್ಟಲು ಎರಡು. ಬೆಳ್ಳಿಯ ಬಟ್ಟಲು ಆರು. ಬೆಳ್ಳಿಯ ಹೂಜಿ ಆರು. ಬೆಳ್ಳಿಯ ದೀಪ ಏಳು. ಸರಪಳಿಸಹಿತ ಕಂಚಿನ ತೂಗುದೀಪ ಹನ್ನೊಂದು. ಇಷ್ಟರವರೆಗೆ ಯಾವ ದೇವಸ್ಥಾನದ ಉಗ್ರಾಣದಲ್ಲಾದರೂ ಸಿಗುವಂಥವು. ಆಮೇಲೆ ಪಟ್ಟಿಯ ಧಾಟಿಯೇ ಬದಲಾಗುತ್ತದೆ. ಹೆಂಗಸರ ನಿಲುವಂಗಿ 82. ಹೆಂಗಸರ ಮೇಲ್ಹೊದಿಕೆ 38. ಗಂಡಸರ ನಿಲುವಂಗಿ 16. ಗಂಡಸರ ಕಾಲುಜೋಡು 13 ಜೊತೆ. ಹೆಂಗಸರ ಕಾಲುಜೋಡು 47 ಜೊತೆ.

ದೇವರ ಮನೆಯಲ್ಲಿ ಅರವತ್ತು ಜೊತೆ ಜೋಡು ಏಕೆ? ದೀಕ್ಷಾಸ್ನಾನಕ್ಕೆ ಬಂದವರ ಉಡುಪೂ ಇದರಲ್ಲಿ ಇರಬಹುದು ಎನ್ನುವವರಿದ್ದಾರೆ. ಬಡಬಗ್ಗರಿಗೆ, ಮುಖ್ಯವಾಗಿ ವಿಧವೆಯರಿಗೆ ಕೊಡಲು ಕೂಡಿಟ್ಟದ್ದು ಎಂಬುದೇ ಹೆಚ್ಚಿನ ವಿದ್ವಾಂಸರ ಊಹೆ. ನನಗೂ ಹಾಗೆಯೇ ಕಾಣುತ್ತದೆ. ಇದಕ್ಕೂ ನೂರು ವರ್ಷ ಮೊದಲು ಕಾರ್ತೇಜಿನ ಟೆರ್ಟುಲಿಯನ್ ತಮ್ಮವರ ಹುಂಡಿಯ ಲೆಕ್ಕವನ್ನು ಬರೆದಿಟ್ಟಿದ್ದಾನೆ. ತಿಂಗಳಿಗೊಮ್ಮೆ ಮನಸ್ಸಿದ್ದವರು ಕೈಲಾದದ್ದನ್ನು ಹಾಕುತ್ತಾರೆ. ಅದು ಔತಣಕ್ಕೆ ಹೋಗುವುದಿಲ್ಲ, ಬಡವರ ಅನ್ನಕ್ಕೂ ಅವರ ಹೆಣ ಹೂಳುವುದಕ್ಕೂ ಹೋಗುತ್ತದೆ. ಅನಾಥ ಮಕ್ಕಳಿಗೆ, ಮುದಿ ಆಳುಗಳಿಗೆ, ಹಡಗೊಡೆದು ದಿಕ್ಕೆಟ್ಟವರಿಗೆ, ನಂಬಿಕೆಗಾಗಿ ಗಣಿಗೆ ತಳ್ಳಿಸಿಕೊಂಡವರಿಗೆ ಹೋಗುತ್ತದೆ. ಕ್ರಿ.ಶ. 251ರ ಸುಮಾರಿಗೆ ರೋಮಿನ ಬಿಷಪ್ ಕಾರ್ನೇಲಿಯಸ್ ತನ್ನ ಸಭೆಯ ಲೆಕ್ಕ ಕೊಡುವಾಗ 46 ಪಾದ್ರಿಗಳು, 7 ಡೀಕನ್‌ಗಳು ಎಂದು ಎಣಿಸುತ್ತ ಬಂದು, ಸಭೆಯ ಅನ್ನ ಉಣ್ಣುವ ವಿಧವೆಯರೂ ನಿರ್ಗತಿಕರೂ ಸಾವಿರದ ಐನೂರಕ್ಕೂ ಹೆಚ್ಚು ಎನ್ನುತ್ತಾನೆ. ರೋಮಿನಲ್ಲಿ ಬಿಟ್ಟಿ ಧಾನ್ಯ ಸಿಗುತ್ತಿತ್ತು, ನಿಜ. ಆದರೆ ಅದು ಪಟ್ಟಿಯಲ್ಲಿ ಹೆಸರಿದ್ದ ಗಂಡಸು ಪ್ರಜೆಗಳ ಹಕ್ಕು. ಗಂಡ ಸತ್ತವಳ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಹಣ ಊರಿಂದ ಊರಿಗೂ ನಡೆಯುತ್ತಿತ್ತು. ಇದೇ ನುಮಿಡಿಯಾದಲ್ಲಿ ಕ್ರಿ.ಶ. 253ರ ಆಸುಪಾಸಿಗೆ ಗಡಿಯಾಚೆಯವರು ದಾಳಿ ಮಾಡಿ ಕ್ರೈಸ್ತರನ್ನು ಹೊತ್ತೊಯ್ದಾಗ, ಅವರನ್ನು ಬಿಡಿಸಿ ತರಲು ಕಾರ್ತೇಜಿನ ಬಿಷಪ್ ಸಿಪ್ರಿಯನ್ ಒಂದು ಲಕ್ಷ ಸೆಸ್ಟರ್ಸ್ ಕೂಡಿಸಿ ಕಳಿಸಿದ. ದುಡ್ಡಿನ ಜೊತೆ ಕೊಟ್ಟವರ ಹೆಸರಿನ ಪಟ್ಟಿಯೂ ಹೋಯಿತು, ಪ್ರಾರ್ಥನೆಯಲ್ಲಿ ನೆನೆಯಿರಿ ಎಂಬ ಮಾತಿನೊಂದಿಗೆ. ಬಿಡುಗಡೆಯಾಗಿ ಮನೆಗೆ ಬಂದವನ ಕೇರಿಯಲ್ಲಿ ಆಮೇಲೆ ಯಾರೂ ಉಪದೇಶ ಮಾಡಬೇಕಾಗಿ ಬಂದಿರಲಾರದು.

ಮತ್ತೆ ಸಿರ್ತಾದ ಮನೆಗೆ ಬರೋಣ. ಮನೆ ಎಂದೇ ನಾನು ಹೇಳುತ್ತಿದ್ದೇನೆ. ಕಡತವೂ ಹಾಗೆಯೇ ಹೇಳುತ್ತದೆ. ಗೋಪುರವಿಲ್ಲ, ಗಂಟೆಯಿಲ್ಲ. ಒಂದು ಪುಸ್ತಕದ ಕೋಣೆ, ಒಂದು ಊಟದ ಕೋಣೆ. ಯೂಫ್ರೆಟಿಸ್ ದಂಡೆಯ ಡೂರಾ ಯುರೋಪಸ್‌ನಲ್ಲಿ ಇಂಥದೇ ಒಂದು ಮನೆ ಮಣ್ಣಿನಡಿಯಿಂದ ಎದ್ದು ಬಂದಿದೆ. ಕ್ರಿ.ಶ. 256ರ ಹೊತ್ತಿಗೆ ಪರ್ಷಿಯನ್ನರ ಮುತ್ತಿಗೆಗೆ ಎದುರಾಗಿ ಕೋಟೆಗೋಡೆ ಬಲಪಡಿಸಲು ರೋಮನ್ ಸೈನಿಕರು ಪಕ್ಕದ ಮನೆಗಳನ್ನೆಲ್ಲ ಮಣ್ಣಿನಿಂದ ಮುಚ್ಚಿದರು. ಹಾಗಾಗಿ ಗೋಡೆಯ ಚಿತ್ರಗಳು ಉಳಿದವು. ಅಂಗಳದ ಸುತ್ತ ಕೋಣೆಗಳಿರುವ ಸಾಧಾರಣ ಮನೆ. ನಡುಗೋಡೆಯೊಂದನ್ನು ಕೆಡವಿ ಎರಡು ಕೋಣೆಗಳನ್ನು ಒಂದೇ ಹಜಾರ ಮಾಡಿದ್ದಾರೆ. ಇನ್ನೊಂದು ಪುಟ್ಟ ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ. ಅದರ ಮೇಲೆ ಕುರಿಯನ್ನು ಹೆಗಲಿಗೆ ಹಾಕಿಕೊಂಡ ಕುರುಬ, ಪಕ್ಕದ ಗೋಡೆಯಲ್ಲಿ ಹಾಸಿಗೆಯನ್ನು ಬೆನ್ನಿಗೇರಿಸಿಕೊಂಡು ಎದ್ದು ಹೊರಟ ರೋಗಿ. ಅದೇ ಕೋಟೆಗೋಡೆಯ ಉದ್ದಕ್ಕೆ ಯೆಹೂದ್ಯರ ಸಿನಗಾಗ್ ಇತ್ತು, ಸೈನಿಕರ ಮಿತ್ರದೇವನ ಗುಡಿಯೂ ಇತ್ತು. ಸುಣ್ಣ ಬಳಿದ ಆ ಮನೆಯ ಮುಂದೆ ನಡೆದು ಹೋದವನಿಗೆ ಒಳಗೊಂದು ಧರ್ಮ ಬೆಳೆಯುತ್ತಿದೆ ಎಂಬ ಗುಮಾನಿ ಬಂದಿತ್ತೋ ಇಲ್ಲವೋ.

ಸಿರ್ತಾದ ಪುಸ್ತಕದ ಕೋಣೆ ತೆಗೆದರೆ ಬೀರುಗಳು ಖಾಲಿ. ಅಲ್ಲಿ ಉಪಡೀಕನ್ ಸಿಲ್ವಾನಸ್ ಒಂದು ಬೆಳ್ಳಿಯ ಡಬ್ಬಿಯನ್ನೂ ಒಂದು ಬೆಳ್ಳಿಯ ದೀಪವನ್ನೂ ತಂದೊಪ್ಪಿಸುತ್ತಾನೆ; ಹೂಜಿಯ ಹಿಂದೆ ಸಿಕ್ಕಿತು ಎನ್ನುತ್ತಾನೆ. ಸಿಗದೇ ಹೋಗಿದ್ದರೆ ನಿನ್ನ ಪ್ರಾಣ ಹೋಗುತ್ತಿತ್ತು ಎಂದು ಗುಮಾಸ್ತನೊಬ್ಬ ಗೊಣಗುತ್ತಾನೆ. ಊಟದ ಕೋಣೆಯಲ್ಲಿ ನಾಲ್ಕು ದೊಡ್ಡ ಗುಡಾಣ, ಆರು ಭರಣಿ. ಅಷ್ಟೆ. ಗ್ರಂಥ ಎಲ್ಲಿ ಎಂದು ಫೆಲಿಕ್ಸ್ ಮತ್ತೆ ಕೇಳಿದಾಗ ಕಾತುಲ್ಲಿನಸ್ ಎಂಬ ಉಪಡೀಕನ್ ಒಂದೇ ಒಂದು ಭಾರೀ ಗಾತ್ರದ ಪುಸ್ತಕವನ್ನು ತಂದಿಡುತ್ತಾನೆ. ಉಳಿದವು ಓದುಗರಲ್ಲಿವೆಯಂತೆ, ಓದುಗರ ಮನೆ ಇವರಿಗೆ ಗೊತ್ತಿಲ್ಲವಂತೆ. ಮನೆ ಬೇಡ, ಹೆಸರು ಹೇಳಿ ಎಂದರೆ ಅವನೂ ಅವನ ಜೊತೆಗಾರನೂ ಸೆಟೆದು ನಿಲ್ಲುತ್ತಾರೆ. ನಾವು ಹಿಡಿದುಕೊಡುವವರಲ್ಲ, ಬೇಕಿದ್ದರೆ ಕೊಲ್ಲಿಸು ಎನ್ನುತ್ತಾರೆ. ಇಬ್ಬರನ್ನೂ ವಶಕ್ಕೆ ತೆಗೆದುಕೊಳ್ಳಿ ಎಂದು ಫೆಲಿಕ್ಸ್.

ಆಮೇಲೆ ಮೆರವಣಿಗೆ ಬೀದಿಗಿಳಿಯುತ್ತದೆ. ದಾರಿ ತೋರಿಸುವವರು ಗುಮಾಸ್ತರೇ. ಯೂಜೀನಿಯಸ್‌ನ ಮನೆಯಲ್ಲಿ ನಾಲ್ಕು ಪುಸ್ತಕ. ಅಧಿಕಾರಿಯ ಹೆಸರಿನವನೇ ಆದ ಇನ್ನೊಬ್ಬ ಫೆಲಿಕ್ಸನ ಮನೆಯಲ್ಲಿ ಐದು. ವಿಕ್ಟೋರಿನಸ್ ಎಂಟು. ಪ್ರೊಜೆಕ್ಟಸ್ ದೊಡ್ಡವು ಐದು, ಚಿಕ್ಕವು ಎರಡು. ವಿಕ್ಟರ್ ಎಂಬ ವ್ಯಾಕರಣದ ಮೇಷ್ಟ್ರ ಮನೆಯಲ್ಲಿ ಎರಡು ಪುಸ್ತಕ, ನಾಲ್ಕು ಬಿಡಿ ಕಟ್ಟು. ನಿನ್ನ ಹತ್ತಿರ ಇನ್ನೂ ಇದೆ ಎಂದು ಫೆಲಿಕ್ಸ್ ಗದರುತ್ತಾನೆ; ಇದ್ದಿದ್ದರೆ ಕೊಡುತ್ತಿದ್ದೆ ಎಂದು ಮೇಷ್ಟ್ರು. ಯೂಟೀಸಿಯಸ್ ಎಂಬವನು ತನ್ನಲ್ಲಿ ಏನೂ ಇಲ್ಲವೆಂದಾಗ ಹೇಳಿಕೆಯನ್ನು ಕಡತಕ್ಕೆ ಸೇರಿಸಿ ಮುಂದೆ ನಡೆಯುತ್ತಾರೆ. ಕೊಡ್ಡಿಯೊ ಎಂಬ ಓದುಗ ಮನೆಯಲ್ಲಿಲ್ಲ. ಅವನ ಹೆಂಡತಿ ಆರು ಪುಸ್ತಕ ತಂದುಕೊಟ್ಟು, ಇನ್ನಿಲ್ಲ ಎನ್ನುತ್ತಾಳೆ. ನಗರಸಭೆಯ ಗುಲಾಮ ಒಳಹೊಕ್ಕು ತಡಕಾಡಿ ಬಂದು, ಹೌದು, ಇಲ್ಲ ಎನ್ನುತ್ತಾನೆ.

ಕೂಡಿಸಿದರೆ 33 ಪುಸ್ತಕ, ನಾಲ್ಕು ಕಟ್ಟು. ಮುದ್ರಣವಿಲ್ಲದ ಕಾಲದಲ್ಲಿ, ಬೆಟ್ಟದ ಮೇಲಿನ ಒಂದು ಪಟ್ಟಣದಲ್ಲಿ. ಅವೆಲ್ಲ ಕೈಬರಹ, ಹಾಳೆ ಮಡಿಸಿ ಹೊಲಿದ ಪುಸ್ತಕಗಳು, ಸುರುಳಿಗಳಲ್ಲ. ಗ್ರೀಕ್ ರೋಮನ್ ಪಂಡಿತರು ಕಾವ್ಯವನ್ನೂ ತತ್ತ್ವವನ್ನೂ ಇನ್ನೂ ಸುರುಳಿಗಳಲ್ಲಿ ಬರೆಸುತ್ತಿದ್ದಾಗಲೇ ಕ್ರೈಸ್ತರು ಹೊಲಿದ ಪುಸ್ತಕಕ್ಕೆ ಬದಲಾಗಿದ್ದರು. ಹಾಳೆಯ ಎರಡೂ ಮಗ್ಗುಲಿಗೆ ಬರೆಯಬಹುದು, ಬೇಕಾದ ಪುಟ ಥಟ್ಟನೆ ತೆಗೆಯಬಹುದು, ಚೀಲಕ್ಕೆ ತುರುಕಿಕೊಂಡು ಹಡಗು ಹತ್ತಬಹುದು. ಮೇಷ್ಟ್ರ ಮನೆಯ ನಾಲ್ಕು ಬಿಡಿ ಕಟ್ಟುಗಳು, ನನ್ನ ಊಹೆಯಲ್ಲಿ, ನಕಲು ಆಗುತ್ತಿದ್ದ ಯಾವುದೋ ಗ್ರಂಥದ್ದು. ಓದಲು ಬಲ್ಲವರು ಕೆಲವರೇ. ಆದರೆ ಒಬ್ಬ ಗಟ್ಟಿಯಾಗಿ ಓದಿದರೆ ಹಜಾರ ತುಂಬ ಜನ ಕೇಳುತ್ತಾರೆ.

ಆಫ್ರಿಕಕ್ಕೆ ಈ ನಂಬಿಕೆಯನ್ನು ಮೊದಲು ಯಾರು ಹೊತ್ತು ತಂದರೆಂದು ಬೆರಳಿಟ್ಟು ತೋರಿಸಲು ಒಂದು ಹೆಸರಿಲ್ಲ. ಒಲಿವ್ ಎಣ್ಣೆ, ಧಾನ್ಯ, ಸೈನಿಕರು, ಗುಲಾಮರು, ಎಲ್ಲರೂ ನಡೆದ ದಾರಿಯಲ್ಲೇ ಅದೂ ನಡೆದಿರಬೇಕು. ದಾಖಲೆಯಲ್ಲಿ ಅದು ಮೊದಲು ಕಾಣಿಸಿಕೊಳ್ಳುವುದು ಕ್ರಿ.ಶ. 180ರ ಜುಲೈ 17ರಂದು. ಸಿಲ್ಲಿಯಂ ಎಂಬ ಚಿಕ್ಕ ಊರಿನ ಹನ್ನೆರಡು ಮಂದಿಗೆ, ಹೆಂಗಸರೂ ಸೇರಿ, ಕಾರ್ತೇಜಿನಲ್ಲಿ ಮರಣದಂಡನೆಯಾಯಿತು. ನಿಮ್ಮ ಪೆಟ್ಟಿಗೆಯಲ್ಲೇನಿದೆ ಎಂದು ರಾಜ್ಯಪಾಲ ಕೇಳಿದಾಗ ಅವರ ಮುಂದಾಳು ಸ್ಪೆರಾಟಸ್ ಹೇಳಿದ್ದು, ಪುಸ್ತಕಗಳು ಮತ್ತು ಪೌಲನೆಂಬ ಸತ್ಪುರುಷನ ಪತ್ರಗಳು ಎಂದು. ಸುಮಾರು 120 ವರ್ಷ ಹಿಂದೆ, ಕೊರಿಂಥಕ್ಕೋ ರೋಮಿಗೋ ಬರೆದ ಕಾಗದಗಳು ಆಫ್ರಿಕದ ಮೂಲೆಯ ಊರಿನವರ ಪೆಟ್ಟಿಗೆಗೆ ಬಂದು ಸೇರಿದ್ದವು. ಕ್ರಿ.ಶ. 256ರಲ್ಲಿ ಸಿಪ್ರಿಯನ್ ಕರೆದ ಸಭೆಗೆ ಉತ್ತರ ಆಫ್ರಿಕದಿಂದ 87 ಬಿಷಪ್ಪರು ಬಂದರು. ಸಿರ್ತಾದಿಂದಲೂ ಒಬ್ಬ.

ಇನ್ನು ಗೋರಿ ತೋಡುವವರು. ಅವರು ಆ ದಿನ ಪಾದ್ರಿಗಳ ಜೊತೆ ಹಾಜರಿದ್ದುದು ಆಕಸ್ಮಿಕವಲ್ಲ. ಬಡವ ಸತ್ತರೆ ಹೆಣ ಎಲ್ಲಿಗೆ ಎಂಬುದು ರೋಮನ್ ಪಟ್ಟಣಗಳ ದೊಡ್ಡ ಚಿಂತೆ. ಅದಕ್ಕೆಂದೇ ಜನ ಚಂದಾ ಕಟ್ಟಿ ಸಂಘ ನಡೆಸುತ್ತಿದ್ದರು. ಕ್ರೈಸ್ತ ಸಭೆ ಆ ಕೆಲಸವನ್ನು ತನ್ನದೇ ಮಾಡಿಕೊಂಡಿತು, ತೋಡುವವನನ್ನು ತನ್ನ ಸಿಬ್ಬಂದಿಯೊಳಗೆ ಕೂರಿಸಿಕೊಂಡಿತು. ಕ್ರಿ.ಶ. 178ರ ಸುಮಾರಿಗೆ ಕೆಲ್ಸಸ್ ಎಂಬ ಗ್ರೀಕ್ ಪಂಡಿತ ಇಂಥ ಕೂಲಿಕಸುಬಿನವರ ನಡುವೆ ಈ ಧರ್ಮ ಹರಡುವುದನ್ನು ಗೇಲಿ ಮಾಡಿದ್ದ. ಉಣ್ಣೆ ಕೆಲಸದವರು, ಚಮ್ಮಾರರು, ಬಟ್ಟೆ ಒಗೆಯುವವರು ಯಜಮಾನರ ಕಣ್ಣು ತಪ್ಪಿಸಿ ಹೆಂಗಸರಿಗೂ ಮಕ್ಕಳಿಗೂ ಧರ್ಮ ಬೋಧಿಸುತ್ತಾರೆ ಎಂದು. ಹಂಗಿಸಲು ಹೇಳಿದ ಮಾತು. ಅವನಿಗಿಂತ ಚೆನ್ನಾಗಿ ಈ ಬೆಳವಣಿಗೆಯನ್ನು ಬಣ್ಣಿಸಿದವರು ಕಡಿಮೆ.

ಎಲ್ಲ ಊರಿನಲ್ಲೂ ಸಿರ್ತಾದಷ್ಟು ಸಲೀಸಾಗಿ ಆಗಲಿಲ್ಲ. ಅದೇ ವರ್ಷ ತಿಬಿಯುಕಾದ ಬಿಷಪ್ ಪುಸ್ತಕ ಕೊಡಲೊಪ್ಪದೆ ಸತ್ತ. ಕಾರ್ತೇಜಿನ ಬಿಷಪ್ ಮೆನ್ಸೂರಿಯಸ್ ಜಾಣ; ತನ್ನವರು ಪಾಷಂಡವೆಂದು ತಳ್ಳಿಹಾಕಿದ್ದ ಪುಸ್ತಕಗಳನ್ನು ಚರ್ಚಿನಲ್ಲಿ ಇಟ್ಟು, ಬಂದವರು ಅವನ್ನೇ ಹೊತ್ತೊಯ್ಯಲಿ ಎಂದು ಬಿಟ್ಟನಂತೆ.

ಇಷ್ಟೆಲ್ಲ ನಮಗೆ ತಿಳಿದಿರುವುದು ಒಂದು ಜಗಳದ ಪುಣ್ಯದಿಂದ. ಚಕ್ರವರ್ತಿ ಕಾನ್‌ಸ್ಟಂಟೈನ್ ಬಂದ, ಕ್ರೈಸ್ತರಿಗೆ ಬಿಡುಗಡೆ ಸಿಕ್ಕಿತು. ದಂಗೆಯಲ್ಲಿ ಹಾಳಾಗಿದ್ದ ಸಿರ್ತಾವನ್ನು ಅವನು ಮತ್ತೆ ಕಟ್ಟಿಸಿ ತನ್ನ ಹೆಸರಿಟ್ಟ. ಆದರೆ ಆಫ್ರಿಕದ ಚರ್ಚು, ಗ್ರಂಥ ಒಪ್ಪಿಸಿದವರು ಯಾರು, ಅವರ ಕೈಯ ಸಂಸ್ಕಾರ ನಡೆಯುತ್ತದೆಯೇ ಎಂದು ಇಬ್ಭಾಗವಾಗಿತ್ತು. ಹೂಜಿಯ ಹಿಂದಿನಿಂದ ಬೆಳ್ಳಿಯ ಡಬ್ಬಿ ತೆಗೆದುಕೊಟ್ಟ ಸಿಲ್ವಾನಸ್ ಅಷ್ಟರಲ್ಲಿ ಊರಿನ ಬಿಷಪ್ಪನಾಗಿದ್ದ. ಅವನ ಮೇಲೆ ಅವನ ಡೀಕನ್ನೇ ತಿರುಗಿಬಿದ್ದು, ಕ್ರಿ.ಶ. 320ರ ಡಿಸೆಂಬರಿನಲ್ಲಿ ರಾಜ್ಯಪಾಲ ಜೆನೋಫಿಲಸ್‌ನ ಮುಂದೆ ವಿಚಾರಣೆ ನಡೆಯಿತು. ಹಳೆಯ ಕಡತವನ್ನು ತೆಗೆಸಿ ಸಭೆಯಲ್ಲಿ ಓದಿಸಿದರು. ಅದು ಉಳಿದದ್ದು ಹಾಗೆ.

ವ್ಯಾಕರಣದ ಮೇಷ್ಟ್ರು ವಿಕ್ಟರ್ ಸಾಕ್ಷಿ ಕಟ್ಟೆಗೆ ಬಂದ. ತಾನು ಲ್ಯಾಟಿನ್ ಕಲಿಸುವವನು, ತಂದೆ ನಗರಸಭೆಯ ಸದಸ್ಯ, ತಾತ ಸೈನಿಕ, ಮೂಲ ಮೂರ್ ರಕ್ತ ಎಂದು ಠೀವಿಯಿಂದ ಹೇಳಿಕೊಂಡ. ಆ ದಿನ ತಾನು ಬೆಟ್ಟಕ್ಕೆ ಓಡಿಹೋಗಿದ್ದೆ, ತಾನಿಲ್ಲದಾಗ ಬಂದು ಪುಸ್ತಕ ಒಯ್ದರು ಎಂದ. ಕಡತದಲ್ಲಿ ಅವನೇ ಕೈಯಾರೆ ಕೊಟ್ಟದ್ದೂ, ಆಡಿದ ಮಾತೂ ಇದ್ದವು. ಗೋರಿ ತೋಡುವವರನ್ನೂ ಕರೆಸಿ ಕೇಳಿದರು. ಲೂಸಿಲ್ಲಾ ಎಂಬ ಸಿರಿವಂತೆ ಕೊಟ್ಟ 400 ಥೈಲಿ ನಾಣ್ಯ ಬಡವರಿಗೆ ಹೋಗದೆ ಬಿಷಪ್ಪರೊಳಗೇ ಹಂಚಿಹೋಯಿತು ಎಂಬ ಮಾತು ಹೊರಬಿತ್ತು. ಇನ್ನೊಬ್ಬ ವಿಕ್ಟರ್, ಬಟ್ಟೆ ಒಗೆಯುವ ಕಸುಬಿನವನು, ಪಾದ್ರಿಯಾಗಲು ಸಿಲ್ವಾನಸ್‌ಗೆ 20 ಥೈಲಿ ಕೊಟ್ಟನೆಂದೂ ಸಾಕ್ಷಿಗಳು ಹೇಳಿದರು. ಅದನ್ನೂ ಬರಹಗಾರ ಬರೆದುಕೊಂಡ.