ಕ್ಯಾಂಪರ್ ವಾಹನ

ಕ್ಯಾಂಪರ್ ಎಂಬುದು ಪ್ರವಾಸದ ವೇಳೆ ಮಲಗಲು, ಅಡುಗೆ ಮಾಡಲು ಹಾಗೂ ತಂಗಲು ಅನುಕೂಲವಾಗುವಂತೆ ರಚಿಸಲಾದ ರಸ್ತೆ ವಾಹನ. ತನ್ನದೇ ಎಂಜಿನ್ ಉಳ್ಳ ಮೋಟಾರು ಕಾರವಾನ್ ಮತ್ತು ಬೇರೊಂದು ವಾಹನದಿಂದ ಎಳೆಯಲ್ಪಡುವ ಟ್ರೈಲರ್ ಕಾರವಾನ್ ಇದರ ಎರಡು ಮುಖ್ಯ ಪ್ರಭೇದಗಳು. ಕ್ಯಾಂಪರುಗಳನ್ನು ಹಾಸಿಗೆಗಳ ಸಂಖ್ಯೆಯಿಂದ ಗುರುತಿಸುವ ರೂಢಿಯಿದೆ. ಆದರೆ ಅದನ್ನು ಯಾವ ಪರವಾನಗಿಯಿಂದ ಓಡಿಸಬಹುದು, ಯಾವ ವಾಹನ ಅದನ್ನು ಎಳೆಯಬಲ್ಲದು, ಯಾವ ಸೇತುವೆಯ ಮೇಲೆ ಅದಕ್ಕೆ ಪ್ರವೇಶವಿದೆ ಎಂಬುದನ್ನೆಲ್ಲ ನಿರ್ಧರಿಸುವುದು ಅದರ ತೂಕ.

ಹೆಸರು ಮತ್ತು ಹಿನ್ನೆಲೆ

ಕರ್ನಾಟಕದಲ್ಲಿ ‘ಕ್ಯಾಂಪರ್’ ಎಂದೊಡನೆ ಬಹಳ ಜನರಿಗೆ ನೆನಪಾಗುವುದು ವಾಸದ ವಾಹನವಲ್ಲ, ಮಹೀಂದ್ರಾ ಬೊಲೆರೊ ಕ್ಯಾಂಪರ್ ಎಂಬ ಪಿಕಪ್. ಬೆಂಗಳೂರಿನ ಟಿ. ದಾಸರಹಳ್ಳಿ, ಪೀಣ್ಯ ಕೈಗಾರಿಕಾ ಪ್ರದೇಶಗಳ ರಸ್ತೆಗಳಲ್ಲಿ ಮುಂದೆ ಕೆಲಸಗಾರರನ್ನೂ ಹಿಂದೆ ಸರಕನ್ನೂ ಹೊತ್ತು ಸಾಗುವ ಇಂತಹ ಎರಡು ಸಾಲು ಆಸನಗಳ ಪಿಕಪ್‌ಗಳು ನಿತ್ಯದ ನೋಟ. ಈ ಲೇಖನವು ಆ ಮಾದರಿಯನ್ನು ಕುರಿತದ್ದಲ್ಲ.

ವಿಹಾರಕ್ಕೆಂದೇ ಕಟ್ಟಲಾದ ಮೊದಲ ಕಾರವಾನುಗಳಲ್ಲಿ 1885ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ-ಲೇಖಕನಿಗಾಗಿ ನಿರ್ಮಿಸಿದ ‘ದಿ ವಾಂಡರರ್’ ಪ್ರಸಿದ್ಧವಾದುದು. ಸುಮಾರು ಎರಡು ಟನ್ ತೂಗುತ್ತಿದ್ದ ಅದನ್ನು ಎರಡು ಕುದುರೆಗಳು ಎಳೆಯುತ್ತಿದ್ದವು. 1930ರ ದಶಕದಲ್ಲಿ ಅಮೆರಿಕದ ಏರ್‌ಸ್ಟ್ರೀಮ್ ಅಲ್ಯೂಮಿನಿಯಂ ಹೊದಿಕೆಯ ಹಗುರ ಟ್ರೈಲರುಗಳನ್ನು ತಯಾರಿಸಿತು. 1950ರ ದಶಕದಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನನ್ನು ವೆಸ್ಟ್‌ಫಾಲಿಯಾ ಸಂಸ್ಥೆ ವಾಸಯೋಗ್ಯವಾಗಿ ಮಾರ್ಪಡಿಸಿತು.

ಭಾರತದಲ್ಲಿ ಕಾರವಾನ್ ಪ್ರವಾಸೋದ್ಯಮ ಇತ್ತೀಚಿನದು. ಕೇರಳ ಸರ್ಕಾರವು 2021ರಲ್ಲಿ ‘ಕೆರವಾನ್ ಕೇರಳ’ ಎಂಬ ಹೆಸರಿನಲ್ಲಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿಯಲ್ಲಿಯೂ ಕಾರವಾನ್ ಪ್ರವಾಸಕ್ಕೆ ಸ್ಥಾನ ನೀಡಲಾಗಿತ್ತು.

ವಿಧಗಳು

ಮೋಟಾರು ಕಾರವಾನುಗಳಲ್ಲಿ ಅತಿ ಚಿಕ್ಕದು ವ್ಯಾನಿನ ಮೂಲ ಕವಚದೊಳಗೇ ಹಾಸಿಗೆ, ಒಲೆ ಅಳವಡಿಸಿದ ಕ್ಯಾಂಪರ್ ವ್ಯಾನ್. ಭಾರತದಲ್ಲಿ ಟೆಂಪೊ ಟ್ರಾವೆಲರ್ ಮಾದರಿಯ ವಾಹನಗಳನ್ನು ಇದಕ್ಕೆ ಹೆಚ್ಚಾಗಿ ಬಳಸುತ್ತಾರೆ. ಬಸ್ ಅಥವಾ ಲಾರಿ ಚಾಸಿಯ ಮೇಲೆ ಮನೆಯಂತಹ ಕವಚವನ್ನು ಹೊಸದಾಗಿ ಕಟ್ಟಿದ ದೊಡ್ಡ ಕಾರವಾನುಗಳು 10 ಟನ್ ಮೀರಬಹುದು.

ಎಳೆಯುವ ವಿಧಗಳಲ್ಲಿ ವೈವಿಧ್ಯ ಹೆಚ್ಚು. ಹನಿಯಾಕಾರದ ‘ಟಿಯರ್‌ಡ್ರಾಪ್’ ಟ್ರೈಲರಿನೊಳಗೆ ಇಬ್ಬರು ಮಲಗಬಹುದು, ನಿಲ್ಲಲಾಗದು. ಅಡುಗೆಯ ಕಟ್ಟೆ ಹಿಂಬದಿಯ ಮುಚ್ಚಳದಡಿ ಇರುತ್ತದೆ. ಇದರ ತೂಕ ಸಾಮಾನ್ಯವಾಗಿ 300ರಿಂದ 700 ಕೆ.ಜಿ. ಮಡಿಸುವ ಟ್ರೈಲರಿನಲ್ಲಿ ಗೋಡೆಗಳು ಬಟ್ಟೆಯವಾದ್ದರಿಂದ ಓಡುವಾಗ ಎತ್ತರ ಕಡಿಮೆ, ಗಾಳಿಯ ಪ್ರತಿರೋಧವೂ ಕಡಿಮೆ. ಗಟ್ಟಿ ಗೋಡೆಗಳ ಪೂರ್ಣ ಪ್ರಮಾಣದ ಟ್ರೈಲರ್ ಒಂದು ಟನ್ನಿನಿಂದ ಮೂರೂವರೆ ಟನ್ನಿನವರೆಗೆ ತೂಗುತ್ತದೆ. ‘ಫಿಫ್ತ್ ವೀಲ್’ ಎಂಬ ಬಗೆಯ ಕೊಂಡಿ ವಾಹನದ ಹಿಂಬದಿಯಲ್ಲಿರದೆ ಪಿಕಪ್ಪಿನ ಹಿಂದಿನ ಅಚ್ಚಿನ ಮೇಲೆಯೇ ಕೂರುತ್ತದೆ. ಇದು ಉತ್ತರ ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿದೆ. ಪಿಕಪ್ಪಿನ ತೊಟ್ಟಿಯೊಳಗೆ ಇರಿಸುವ ಗೂಡಿನಂತಹ ಕ್ಯಾಂಪರೂ ಉಂಟು. ಅದನ್ನು ಎಳೆಯಬೇಕಿಲ್ಲವಾದರೂ ಅದರ ಪೂರ್ತಿ ತೂಕ ಪಿಕಪ್ಪಿನ ಹೊರೆಯೇ ಆಗಿರುತ್ತದೆ.

ತೂಕದ ಲೆಕ್ಕ

ಕ್ಯಾಂಪರಿಗೆ ಸಂಬಂಧಿಸಿದಂತೆ ಎರಡು ತೂಕಗಳನ್ನು ಬೇರ್ಪಡಿಸಿ ತಿಳಿಯುವುದು ಅಗತ್ಯ. ಸಾಮಾನು ಇಲ್ಲದಿರುವಾಗಿನ ತೂಕ ಖಾಲಿ ತೂಕ. ವಾಹನದ ಚಾಸಿ, ಅಚ್ಚು, ಟೈರುಗಳು ಸುರಕ್ಷಿತವಾಗಿ ಹೊರಬಲ್ಲವೆಂದು ನಿಗದಿಪಡಿಸಿದ ಗರಿಷ್ಠ ತೂಕ ಒಟ್ಟು ವಾಹನ ತೂಕ. ಇವೆರಡರ ವ್ಯತ್ಯಾಸವೇ ಹೊರೆ ಸಾಮರ್ಥ್ಯ. ಮಾರಾಟದ ಕರಪತ್ರಗಳಲ್ಲಿ ಖಾಲಿ ತೂಕ ದೊಡ್ಡಕ್ಷರದಲ್ಲಿ ಕಾಣುವುದುಂಟು, ಪ್ರವಾಸಿಗೆ ಹೆಚ್ಚು ಬೇಕಾದದ್ದು ಆ ವ್ಯತ್ಯಾಸ.

ಉದಾಹರಣೆಗೆ ಖಾಲಿ ತೂಕ 750 ಕೆ.ಜಿ., ಒಟ್ಟು ತೂಕದ ಮಿತಿ 1,000 ಕೆ.ಜಿ. ಇರುವ ಒಂದು ಚಿಕ್ಕ ಟ್ರೈಲರನ್ನು ಊಹಿಸಿಕೊಳ್ಳಬಹುದು. ಅದರ ಹೊರೆ ಸಾಮರ್ಥ್ಯ 250 ಕೆ.ಜಿ. ಕುಡಿಯಲು ಮತ್ತು ತೊಳೆಯಲು 80 ಲೀಟರ್ ನೀರು ತುಂಬಿದರೆ 80 ಕೆ.ಜಿ. ಮನೆಯ ಇನ್ವರ್ಟರಿಗೆ ಬಳಸುವಂತಹ ಸೀಸ-ಆಮ್ಲ ಬ್ಯಾಟರಿ ಸುಮಾರು 60 ಕೆ.ಜಿ. ತೂಗುತ್ತದೆ. 14.2 ಕೆ.ಜಿ. ಅನಿಲ ತುಂಬಿದ ಅಡುಗೆ ಸಿಲಿಂಡರ್ ಲೋಹದ ತೂಕ ಸೇರಿ 30 ಕೆ.ಜಿ. ಆಗುತ್ತದೆ. ಒಲೆ, ಪಾತ್ರೆ, ದಿನಸಿಗೆ 25, ಹಾಸಿಗೆ ಬಟ್ಟೆಗಳಿಗೆ 40, ಡೇರೆಯ ಚಾವಣಿ ಹಾಗೂ ಕುರ್ಚಿಗಳಿಗೆ 20 ಕೆ.ಜಿ. ಹಿಡಿದರೆ ಮೊತ್ತ 255. ಐಷಾರಾಮದ ವಸ್ತು ಒಂದೂ ಇಲ್ಲದೆಯೇ ಮಿತಿ ಮೀರಿಹೋಯಿತು. ಆದಕಾರಣ ಪ್ರಯಾಣಕ್ಕೆ ಸಿದ್ಧವಾದ ಸ್ಥಿತಿಯಲ್ಲಿಯೇ ವೇಬ್ರಿಡ್ಜ್‌ನಲ್ಲಿ ತೂಗಿಸುವುದು ನಂಬಬಹುದಾದ ಕ್ರಮ. ಇಡೀ ವಾಹನವನ್ನು ಒಮ್ಮೆ, ಕೊಂಡಿ ಕಳಚಿ ಟ್ರೈಲರನ್ನು ಮಾತ್ರ ಇನ್ನೊಮ್ಮೆ ತೂಗಿದರೆ ಎರಡೂ ಭಾಗಗಳ ತೂಕ ತಿಳಿಯುತ್ತದೆ.

ಎಳೆಯುವ ವಾಹನ ಮತ್ತು ಕೊಂಡಿಯ ಭಾರ

ಎತ್ತಿನ ಗಾಡಿ ಹೂಡಿದವರಿಗೆ ಈ ಭಾಗ ಹೊಸದೇನಲ್ಲ. ಸರಕನ್ನು ತೀರ ಮುಂದಕ್ಕೆ ಹೇರಿದರೆ ಗಾಡಿ ಮುಂಭಾರವಾಗಿ ನೊಗ ಎತ್ತುಗಳ ಕೊರಳನ್ನು ಒತ್ತುತ್ತದೆ. ಹಿಂದಕ್ಕೆ ಹೇರಿದರೆ ಹಿಂಭಾರವಾಗಿ ಮೂಕಿ ಮೇಲೇಳುತ್ತದೆ. ಟ್ರೈಲರಿನಲ್ಲಿ ನೊಗದ ಸ್ಥಾನದಲ್ಲಿರುವುದು ವಾಹನದ ಹಿಂಬದಿಯ ಕೊಂಡಿ. ಅದರ ಮೇಲೆ ಟ್ರೈಲರಿನ ಮೂತಿ ಕೆಳಮುಖವಾಗಿ ಹೇರುವ ಒತ್ತಡವನ್ನು ಕೊಂಡಿಯ ಭಾರ ಎನ್ನಬಹುದು. ಇದು ಟ್ರೈಲರಿನ ತೂಕದ ಶೇ. 10ರಿಂದ 15ರಷ್ಟಿರಬೇಕೆಂಬುದು ಅಮೆರಿಕದ ಬಳಕೆ. ಬ್ರಿಟನ್ನಿನಲ್ಲಿ ಶೇ. 5ರಿಂದ 7 ಸಾಕೆನ್ನುತ್ತಾರೆ. ಭಾರ ತೀರ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೈಲರ್ ಎಡಬಲಕ್ಕೆ ತೊನೆಯತೊಡಗುತ್ತದೆ. ಒಂದು ಹಂತ ದಾಟಿದ ಮೇಲೆ ಆ ತೊನೆದಾಟ ತಾನಾಗಿ ಬೆಳೆದು ಎಳೆಯುವ ವಾಹನವನ್ನೂ ಮಗುಚಬಲ್ಲದು. ಹೀಗಾಗಿ ಭಾರವಾದ ವಸ್ತುಗಳನ್ನು ಅಚ್ಚಿನ ಮೇಲೆ ಇಲ್ಲವೆ ಅದಕ್ಕಿಂತ ತುಸು ಮುಂದೆ, ನೆಲಮಟ್ಟದಲ್ಲಿ ಇರಿಸಬೇಕಾಗುತ್ತದೆ.

ಕೊಂಡಿಯ ಭಾರ ಎಳೆಯುವ ವಾಹನದ ಹೊರೆಗೂ ಸೇರುತ್ತದೆ ಎಂಬುದು ಹಲವರ ಗಮನ ತಪ್ಪುವ ಸಂಗತಿ. 450 ಕೆ.ಜಿ. ಹೊರೆ ಸಾಮರ್ಥ್ಯದ ಕಾರಿನಲ್ಲಿ ತಲಾ 65 ಕೆ.ಜಿ. ತೂಕದ ಐವರು ಕುಳಿತರೆ 325 ಕೆ.ಜಿ. ಮೇಲಿನ ಉದಾಹರಣೆಯ ಟ್ರೈಲರ್ ಕೊಂಡಿಯ ಮೇಲೆ 100 ಕೆ.ಜಿ. ಹೇರಿದರೆ ಸಾಮಾನಿಗೆ ಉಳಿಯುವುದು 25 ಕೆ.ಜಿ. ಮಾತ್ರ.

ಎಳೆಯುವ ಸಾಮರ್ಥ್ಯವೆಂದರೆ ಎಂಜಿನ್ನಿನ ಶಕ್ತಿಯಷ್ಟೇ ಅಲ್ಲ. ಬ್ರೇಕು, ಶೈತ್ಯಕಾರಿ ವ್ಯವಸ್ಥೆ, ಕ್ಲಚ್, ಹಿಂದಿನ ಅಚ್ಚು ಎಲ್ಲವನ್ನೂ ಪರಿಗಣಿಸಿ ತಯಾರಕರು ಅದನ್ನು ಗೊತ್ತುಪಡಿಸುತ್ತಾರೆ. ಇಸುಜು ಡಿ-ಮ್ಯಾಕ್ಸ್, ಟೊಯೋಟಾ ಹೈಲಕ್ಸ್ ಪಿಕಪ್‌ಗಳಿಗೆ ಆಸ್ಟ್ರೇಲಿಯಾ ಮತ್ತು ಯುರೋಪಿನಲ್ಲಿ ಬ್ರೇಕ್ ಉಳ್ಳ ಟ್ರೈಲರಿಗೆ 3,500 ಕೆ.ಜಿ.ವರೆಗೆ ಮಿತಿ ನೀಡಿದ್ದಾರೆ. ಹೊರದೇಶದ ಈ ಅಂಕಿಯನ್ನು ಭಾರತದ ಮಾದರಿಗೆ ಹಾಗೆಯೇ ಅನ್ವಯಿಸಲಾಗದು, ಆಯಾ ವಾಹನದ ಕೈಪಿಡಿಯೇ ಆಧಾರ. ಹೊಸಬರು ತಮ್ಮ ಕಾರಿನ ತೂಕದ ಶೇ. 85ಕ್ಕಿಂತ ಭಾರದ ಕಾರವಾನನ್ನು ಎಳೆಯಬಾರದೆಂಬ ಸಲಹೆ ಬ್ರಿಟನ್ನಿನಲ್ಲಿ ರೂಢಿಯಲ್ಲಿದೆ. ಯುರೋಪಿನಲ್ಲಿ 750 ಕೆ.ಜಿ. ಮೀರಿದ ಟ್ರೈಲರಿಗೆ ಸ್ವಂತ ಬ್ರೇಕ್ ಕಡ್ಡಾಯ.

ಭಾರತದ ಕಾನೂನಿನಲ್ಲಿ

ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೈಲರನ್ನು ಕೇಂದ್ರ ಸರ್ಕಾರದ 2004ರ ನವೆಂಬರ್ ಅಧಿಸೂಚನೆಯು ಸಾರಿಗೆಯೇತರ ವಾಹನಗಳ ಪಟ್ಟಿಗೆ ಸೇರಿಸಿದೆ. ಟ್ರೈಲರಿಗೆ ಪ್ರತ್ಯೇಕ ನೋಂದಣಿ ಬೇಕು. ಕಾರ್ಖಾನೆಯಲ್ಲಿಯೇ ತಯಾರಾಗುವ ಮೋಟಾರು ಕಾರವಾನುಗಳ ಮಾದರಿ ಅನುಮೋದನೆಗೆ ಎ.ಐ.ಎಸ್.-124 ಎಂಬ ಮಾನದಂಡವಿದೆ. ಇರುವ ವ್ಯಾನಿನ ರಚನೆಯನ್ನು ಸ್ಥಳೀಯ ಕಾರ್ಯಾಗಾರದಲ್ಲಿ ಬದಲಾಯಿಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣವನ್ನು ಗಮನಿಸಬೇಕು. ನೋಂದಣಿ ಪತ್ರದಲ್ಲಿನ ವಿವರಗಳಿಗೆ ಹೊಂದದ ಮಾರ್ಪಾಡನ್ನು ಅದು ನಿಷೇಧಿಸುತ್ತದೆ.

ಇದೇ ಕಾಯ್ದೆಯಡಿ ಲಘು ಮೋಟಾರು ವಾಹನದ ಮಿತಿ 7,500 ಕೆ.ಜಿ. ಅದರ ಪರವಾನಗಿ ಉಳ್ಳವರು ಈ ಮಿತಿಯೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪಿತ್ತಿತು. ಬಾಡಿಗೆಯ ಚಿಕ್ಕ ಕ್ಯಾಂಪರ್ ವ್ಯಾನುಗಳ ಚಾಲಕರಿಗೂ ಈ ತೀರ್ಪು ಮುಖ್ಯ. ಲಾರಿ ಚಾಸಿಯ ಕಾರವಾನ್ ಈ ಮಿತಿಯನ್ನು ದಾಟಿದರೆ ಭಾರಿ ವಾಹನದ ಪರವಾನಗಿ ಬೇಕಾಗುತ್ತದೆ.

ಕರ್ನಾಟಕದ ರಸ್ತೆಗಳಲ್ಲಿ

ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಮಂಗಳೂರಿನ ಕಡೆಗೆ ಹೊರಡುವ ಕ್ಯಾಂಪರುಗಳು ಸಾಮಾನ್ಯವಾಗಿ ಟಿ. ದಾಸರಹಳ್ಳಿಯ ಮೂಲಕ ಹಾಯುವ ತುಮಕೂರು ರಸ್ತೆಯಲ್ಲಿ ನೆಲಮಂಗಲ ತಲುಪುತ್ತವೆ. ತೂಕದ ವರ್ಗೀಕರಣದ ಪರಿಣಾಮ ಈ ರಸ್ತೆಯಲ್ಲಿಯೇ ಕಂಡಿತ್ತು. ಗೊರಗುಂಟೆಪಾಳ್ಯದಿಂದ ನಾಗಸಂದ್ರದ ಕಡೆಗೆ ಸಾಗುವ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡುಬಂದು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಲಾಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ತೆರೆಯಲಾಯಿತು. ಭಾರಿ ವಾಹನಗಳು 2024ರ ಜುಲೈವರೆಗೆ ಕೆಳಗಿನ ರಸ್ತೆಯಲ್ಲಿಯೇ ಸಾಗಬೇಕಾಯಿತು.

ನಿಜವಾದ ಪರೀಕ್ಷೆ ಸಕಲೇಶಪುರ ದಾಟಿದ ನಂತರದ ಶಿರಾಡಿ ಘಾಟಿಯದು. ಇಳಿಜಾರಿನಲ್ಲಿ ಟ್ರೈಲರ್ ತನ್ನ ಪೂರ್ತಿ ತೂಕದಿಂದ ಮುಂದಿನ ವಾಹನವನ್ನು ನೂಕುತ್ತದೆ. ಬ್ರೇಕನ್ನು ಸತತವಾಗಿ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುವುದರಿಂದ, ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬದಲಾಯಿಸಿ ಎಂಜಿನ್ನಿನ ತಡೆಯನ್ನು ಬಳಸಬೇಕು. ಚಾರ್ಮಾಡಿ ಘಾಟಿಯ ಹೇರ್‌ಪಿನ್ ತಿರುವುಗಳು ಉದ್ದನೆಯ ಟ್ರೈಲರಿಗೆ ಒಗ್ಗುವಂಥವಲ್ಲ. ಭಾರ ಇಳಿಸಲು ಘಾಟಿಗೆ ಮುನ್ನ ನೀರಿನ ತೊಟ್ಟಿಯನ್ನು ಬರಿದು ಮಾಡುವುದು ಒಂದು ಉಪಾಯ. ತೊಟ್ಟಿ ಅಚ್ಚಿನ ಮುಂಭಾಗದಲ್ಲಿದ್ದರೆ ಹಾಗೆ ಬರಿದು ಮಾಡಿದಾಗ ಕೊಂಡಿಯ ಭಾರವೂ ಇಳಿಯುತ್ತದೆ. ಆಗ ಉಳಿದ ಸಾಮಾನನ್ನು ಮುಂದಕ್ಕೆ ಸರಿಸಿ ಸಮತೋಲವನ್ನು ಮತ್ತೆ ಸರಿಪಡಿಸಬೇಕಾಗುತ್ತದೆ.